ಹಳತಾದ ನಾಳೆ

ಸತ್ತ ಮೇಲೂ ನಡಿಗೆ ನಿಲ್ಲಿಸದ ವಸ್ತುವೊಂದು ನಮ್ಮ ತಲೆಯ ಮೇಲಿದೆ. ಹೆಸರು ಟೆಲ್‌ಸ್ಟಾರ್. 1962ರ ಜುಲೈ 10ರಂದು ಅಮೆರಿಕದ ಕೇಪ್ ಕೆನವೆರಲ್‌ನಿಂದ ಮೇಲೇರಿದ ಈ ಉಪಗ್ರಹದ ತೂಕ ಸುಮಾರು 77 ಕಿಲೊ, ಮೈತುಂಬಿದ ಒಬ್ಬ ಗಂಡಸಿನಷ್ಟು. ಅಗಲ ಮೂರಡಿಗೂ ಕಡಿಮೆ. ಮೈತುಂಬ 3,600 ಸೌರಕೋಶಗಳ ಹೊದಿಕೆ. ಅಟ್ಲಾಂಟಿಕ್ ಸಾಗರದ ಒಂದು ದಡದ ಟೀವಿ ಚಿತ್ರವನ್ನು ಇನ್ನೊಂದು ದಡಕ್ಕೆ ಆ ಗಳಿಗೆಯಲ್ಲೇ ದಾಟಿಸಿದ ಮೊದಲ ಅಂಬಿಗ ಅದು. ಏಳು ತಿಂಗಳು ಚಿಲ್ಲರೆ ಬದುಕಿ, 1963ರ ಫೆಬ್ರವರಿ 21ರಂದು ಮಾತು ನಿಲ್ಲಿಸಿತು. ಸುತ್ತುವುದನ್ನು ನಿಲ್ಲಿಸಲಿಲ್ಲ. ಎರಡೂವರೆ ತಾಸಿಗೆ ತುಸು ಹೆಚ್ಚಿನ ಹೊತ್ತಿನಲ್ಲಿ ಇವತ್ತಿಗೂ ಭೂಮಿಗೊಂದು ಪ್ರದಕ್ಷಿಣೆ ಹಾಕುತ್ತದೆ. ಕೇಳುವವರಿಲ್ಲ, ಹೇಳುವುದಕ್ಕೂ ಅದರ ಬಳಿ ಏನೂ ಉಳಿದಿಲ್ಲ.

ಸ್ಥಾವರಕ್ಕೂ ಜಂಗಮಕ್ಕೂ ನಡುವೆ ಗೆರೆ ಎಳೆದ ಬಸವಣ್ಣನವರು ಇಂಥದ್ದೊಂದನ್ನು ಊಹಿಸಿರಲಾರರು. ಚಲನೆಯಿದೆ, ಜೀವವಿಲ್ಲ, ಉಳಿವಿದೆ, ಉಪಯೋಗವಿಲ್ಲ. ಇದನ್ನು ಗೆರೆಯ ಯಾವ ಕಡೆಗೆ ಕೂರಿಸುವುದು?

ಅದೇ ಹೆಸರಿನ ಇನ್ನೊಂದಿದೆ. ಉಪಗ್ರಹ ಹಾರಿ ಆರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 17ರಂದು, ಇಂಗ್ಲೆಂಡಿನಲ್ಲಿ ‘ಟೆಲ್‌ಸ್ಟಾರ್’ ಎಂಬ ಗ್ರಾಮಫೋನ್ ತಟ್ಟೆ ಹೊರಬಂತು. ಟೊರ್ನಾಡೋಸ್ ಎಂಬ ಐವರು ಹುಡುಗರ ತಂಡದ, ಮಾತಿಲ್ಲದ, ಮೂರು ನಿಮಿಷ ದಾಟಿ ಸ್ವಲ್ಪವೇ ಮುಂದೆ ಹೋಗುವ ವಾದ್ಯಸಂಗೀತ. ಮೊದಲು ರಾಕೆಟ್ಟು ಹೊತ್ತಿಕೊಂಡಂಥ ಗರಗರ ಸದ್ದು. ಆಮೇಲೆ ಕುದುರೆ ನಾಗಾಲೋಟಕ್ಕೆ ಬಿದ್ದಂಥ ತಾಳ. ಅದರ ಬೆನ್ನ ಮೇಲೆ ಕೊಳಲೂ ಅಲ್ಲದ, ಪಿಟೀಲೂ ಅಲ್ಲದ ಒಂದು ತೆಳು ಸ್ವರ. ಆ ವರ್ಷದ ಚಳಿಗಾಲ ಬರುವಷ್ಟರಲ್ಲಿ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯ ತುದಿಗೂ ಏರಿತು. ಬೀಟಲ್ಸ್‌ಗಿಂತ ಒಂದು ವರ್ಷ ಮುಂಚೆಯೇ. ಮುಂದೆ ಮನುಷ್ಯರೆಲ್ಲ ಆಕಾಶದಲ್ಲಿ ಓಡಾಡುವ ಕಾಲ ಬರುತ್ತದಲ್ಲ, ಆಗ ಕೇಳಿಸುವ ಸಂಗೀತ ಹೀಗೇ ಇರುತ್ತದೆ ಎಂದು ಅಂದಿನವರು ನಂಬಿದ್ದರು. ಇವತ್ತು ಅದನ್ನು ಕೇಳಿದರೆ ಯಾರಿಗೂ ಮುಂದಿನ ಕಾಲ ನೆನಪಾಗುವುದಿಲ್ಲ. 1962 ನೆನಪಾಗುತ್ತದೆ. ಆ ವರ್ಷ ಹುಟ್ಟಿಯೇ ಇರದವರಿಗೂ.

ನಿನ್ನೆ ಎಂಬುದು ಹಳತಾಗುವುದಿಲ್ಲ, ಅದು ಆಗಲೇ ಹಳತು. ಬೇಗ ಹಳತಾಗುವುದು ನಾಳೆ. ಅಜ್ಜನ ಕಾಲದ ಜಾನಪದ ಹಾಡು ಇವತ್ತಿಗೂ ತನ್ನ ವಯಸ್ಸಿನಲ್ಲೇ ಇದೆ; ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬಾಹ್ಯಾಕಾಶವನ್ನು ಹಾಡಿದ ಹಾಡುಗಳಿಗೆ ಮಾತ್ರ ಹಲ್ಲು ಉದುರಿದೆ. ಯಾಕೆ ಹೀಗೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಉಪಗ್ರಹ ಸತ್ತ ಬಗೆಯೂ ಯೋಚಿಸತಕ್ಕದ್ದೇ. ಅದು ಹಾರುವ ಹಿಂದಿನ ದಿನ, ಜುಲೈ 9ರಂದು, ಅದೇ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಒಂದು ಪರಮಾಣು ಬಾಂಬನ್ನು ಸಿಡಿಸಿತ್ತು. ‘ಸ್ಟಾರ್‌ಫಿಶ್ ಪ್ರೈಮ್’ ಎಂದು ಆ ಪರೀಕ್ಷೆಯ ಹೆಸರು; 1.4 ಮೆಗಾಟನ್ ಅದರ ಶಕ್ತಿ. ಸಿಡಿತದಿಂದ ಹೊರಬಿದ್ದ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ಅಲ್ಲೇ ಸುಳಿಯತೊಡಗಿದವು. ಮರುದಿನ ಹೊರಟ ಟೆಲ್‌ಸ್ಟಾರ್ ಪ್ರತಿ ಸುತ್ತಿನಲ್ಲೂ ಆ ವಿಷದೊಳಗೆ ಮುಳುಗಿ ಏಳಬೇಕಾಯಿತು, ಅದರೊಳಗಿನ ಸೂಕ್ಷ್ಮ ಭಾಗಗಳು ಒಂದೊಂದಾಗಿ ಸೋತವು. ದೇಶಗಳನ್ನು ಬೆಸೆಯುವ ಯಂತ್ರವನ್ನು ಕಟ್ಟಿದ್ದೂ ಅದೇ ದೇಶ, ಅದರ ದಾರಿಗೆ ಮುಳ್ಳು ಹರಡಿದ್ದೂ ಅದೇ ದೇಶ. ಹುಟ್ಟುವ ಹಿಂದಿನ ದಿನವೇ ಸಾವು ಬರೆದಿತ್ತು ಎನ್ನುವುದನ್ನು ನಾವು ಹಣೆಬರಹ ಎನ್ನುತ್ತೇವೆ. ಇಲ್ಲಿ ಬರೆದದ್ದು ಬ್ರಹ್ಮನಲ್ಲ.

ಉಪಗ್ರಹ ಮಾತು ನಿಲ್ಲಿಸಿದ ಹೊತ್ತಿಗೆ ಹಾಡು ಅಂಗಡಿಗಳಲ್ಲಿ ಇನ್ನೂ ಬಿಕರಿಯಾಗುತ್ತಿತ್ತು.

ಹಾಡನ್ನು ಕಟ್ಟಿದವನು ಜೋ ಮೀಕ್. 1929ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ನ್ಯೂಯೆಂಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಕಡ್ಡಾಯ ಸೈನಿಕ ಸೇವೆಯಲ್ಲಿ ವಾಯುಪಡೆಯ ರಡಾರ್ ಮುಂದೆ ಕೂತು ಆಕಾಶಕ್ಕೆ ಕಿವಿಗೊಟ್ಟವನು. ಸ್ವರಲಿಪಿ ಓದಲು ಬಾರದು, ಯಾವ ವಾದ್ಯವನ್ನೂ ನೆಟ್ಟಗೆ ನುಡಿಸಲು ಬಾರದು. ತಲೆಯೊಳಗೆ ಒಂದು ರಾಗ ಎದ್ದರೆ ಬೇರೆ ಯಾವುದೋ ಹಾಡಿನ ಹಿಮ್ಮೇಳವನ್ನು ಹಾಕಿಕೊಂಡು ಅದರ ಮೇಲೆ ತನ್ನ ರಾಗವನ್ನು ಅಪಸ್ವರದಲ್ಲೇ ಗುನುಗಿ ಟೇಪಿಗೆ ಇಳಿಸುತ್ತಿದ್ದ. ಇವನ ಮನಸ್ಸಿನಲ್ಲಿ ನಿಜವಾಗಿ ಇರುವುದೇನು ಎಂದು ವಾದ್ಯದವರು ಊಹಿಸಿಕೊಳ್ಳಬೇಕು. ಉತ್ತರ ಲಂಡನ್ನಿನ ಹಾಲೊವೇ ರಸ್ತೆಯ 304ನೇ ನಂಬರಿನಲ್ಲಿ, ಚರ್ಮದ ಚೀಲಗಳನ್ನು ಮಾರುವ ಅಂಗಡಿಯ ಮೇಲಿನ ಬಾಡಿಗೆ ಮನೆ ಅವನ ಸ್ಟುಡಿಯೊ. ಒಬ್ಬರು ಕೋಣೆಯಲ್ಲಿ, ಇನ್ನೊಬ್ಬರು ಮೆಟ್ಟಿಲ ಮೇಲೆ, ಪ್ರತಿಧ್ವನಿ ಬೇಕಾದರೆ ಬಚ್ಚಲುಮನೆಯಲ್ಲಿ. ನೆಲದ ತುಂಬ ವಯರು. ದೊಡ್ಡ ಕಂಪನಿಗಳ ಸ್ಟುಡಿಯೊಗಳಲ್ಲಿ ಬಿಳಿ ಕೋಟು ತೊಟ್ಟ ತಂತ್ರಜ್ಞರು ಅಳೆದು ತೂಗಿ ಮುದ್ರಿಸುತ್ತಿದ್ದ ದಿನಗಳಲ್ಲಿ, ಬಸ್ಸು ಲಾರಿ ಓಡಾಡುವ ಬೀದಿಯ ಮೇಲಿನ ಆ ಮನೆಯಿಂದ ಅಂತರಿಕ್ಷದ ಸಂಗೀತ ಬಂತು.

‘ಟೆಲ್‌ಸ್ಟಾರ್’ಗೆ ಎರಡು ಮೂರು ವರ್ಷ ಮುಂಚೆ ಇದೇ ಮೀಕ್ ಚಂದ್ರನ ಮೇಲಿನ ಜೀವನವನ್ನು ಕಲ್ಪಿಸಿ ‘ಐ ಹಿಯರ್ ಎ ನ್ಯೂ ವರ್ಲ್ಡ್’ ಎಂಬ ಒಂದು ಇಡೀ ಸಂಪುಟ ಮಾಡಿದ್ದ. ಅದರ ಒಂದು ತುಣುಕು ಮಾತ್ರ 1960ರಲ್ಲಿ ಹೊರಬಂತು. ಪೂರ್ತಿ ಸಂಪುಟ ಜನರ ಕೈಸೇರಿದ್ದು 1991ರಲ್ಲಿ. ಚಂದ್ರಲೋಕದ ಆ ಸದ್ದುಗಳನ್ನು ಆತ ತಂದದ್ದು ಎಲ್ಲಿಂದ? ಅರ್ಧ ತುಂಬಿದ ಹಾಲಿನ ಗಾಜಿನ ಬಾಟಲಿಗಳಿಗೆ ಚಮಚದಿಂದ ತಟ್ಟಿದ. ನೀರಿಗೆ ಹುಲ್ಲುಕೊಳವೆ ಇಟ್ಟು ಗುಳುಗುಳು ಊದಿದ. ಬಾಚಣಿಗೆಯ ಹಲ್ಲನ್ನು ಸಿಗರೇಟಿನ ಬೂದಿಬಟ್ಟಲಿನ ಅಂಚಿಗೆ ತೀಡಿದ. ನಲ್ಲಿಯ ನೀರು ಬಿಟ್ಟ, ಕೀಲಿ ಕೊಡುವ ಆಟಿಕೆ ಓಡಿಸಿದ, ವಿದ್ಯುತ್ ತಂತಿಗಳನ್ನು ಒಂದಕ್ಕೊಂದು ತಾಗಿಸಿ ಚಟಪಟ ಅನ್ನಿಸಿದ. ನಾಳಿನ ಅಡುಗೆಗೂ ಇವತ್ತಿನ ಪಾತ್ರೆಯೇ ಬೇಕು.

ಆ ಸಂಪುಟವನ್ನು ಈಗ ಕೇಳಲು ಕೂತರೆ ನನಗೆ ಚಂದ್ರ ಕೇಳಿಸುವುದಿಲ್ಲ. ಚಂದ್ರನ ಮೇಲೆ ಮನುಷ್ಯ ನಡೆದಾಡಿ ಬಂದಾಯಿತು. ಅಲ್ಲಿ ಗಾಳಿಯಿಲ್ಲ, ಸದ್ದೇ ಇಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನನಗೆ ಕೇಳಿಸುವುದು ಹಾಲಿನ ಬಾಟಲಿ. ಬೆಳಗಿನ ಜಾವ ಹಾಲಿನವನು ಮನೆಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ, ತೊಳೆದು ಮತ್ತೆ ಅವನಿಗೇ ಕೊಡುತ್ತಿದ್ದ ಗಾಜಿನ ಬಾಟಲಿಯ ಆ ಟಿಂಗ್ ಸದ್ದು. ಅಂಥ ಬಾಟಲಿ ಅಲ್ಲೂ ಅಪರೂಪವಾಗಿದೆ, ಇಲ್ಲಂತೂ ಹಾಲು ಪ್ಯಾಕೆಟ್ಟಾಗಿ ಎಷ್ಟೋ ಕಾಲವಾಯಿತು. ಹೊಸ ಲೋಕವನ್ನು ಹಿಡಿದಿಡಲು ಹೊರಟವನು ಹಿಡಿದಿಟ್ಟದ್ದು ತನ್ನದೇ ಅಡುಗೆಮನೆಯನ್ನು. ಬೇಕೆಂದು ಕಾಪಾಡಿದ್ದು ಕರಗಿ ಹೋಯಿತು. ಗಮನವಿಲ್ಲದೆ ಒಳಗೆ ನುಸುಳಿಕೊಂಡದ್ದು ಉಳಿಯಿತು.

ನಮ್ಮ ಅಟ್ಟದ ಮೇಲೆ ಕ್ಯಾಸೆಟ್ಟು ತುಂಬಿದ ಟ್ರಂಕೊಂದಿದೆ. ಕಳೆದ ದೀಪಾವಳಿಗೆ ಮನೆ ಸಾರಿಸಿ ಗುಡಿಸುವಾಗ ಕೆಳಗಿಳಿಸಿದೆ. ಅರ್ಧಕ್ಕರ್ಧ ಬೂಸ್ಟು ಹಿಡಿದಿದ್ದವು. ಒಂದನ್ನು ಒರೆಸಿ ಹಾಕಿದರೆ, ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ನಾವು ಹುಡುಗರು ಕದ್ದ ಚಿತ್ರಗೀತೆ; ಅದರ ಎರಡನೆಯ ಚರಣದ ಮೇಲೆ ಕುಕ್ಕರಿನ ಸೀಟಿ, ಆಮೇಲೆ ‘ಯಾರೋ ಅದು ಬಾಗಿಲಲ್ಲಿ’ ಎಂಬ ಅಮ್ಮನ ದನಿ. ಆಗ ಸೀಟಿಯಿಂದ ಹಾಡು ಕೆಟ್ಟಿತೆಂದು ನಾನು ಜಗಳ ತೆಗೆದಿದ್ದೆ. ಆ ಹಾಡು ಇವತ್ತು ಫೋನಿನಲ್ಲಿ ಬೆರಳು ತಾಗಿಸಿದರೆ ಸಿಗುತ್ತದೆ. ಸೀಟಿ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

‘ಟೆಲ್‌ಸ್ಟಾರ್’ನ ಆ ತೆಳು ಸ್ವರದ ಕಥೆಗೆ ಬರಬೇಕು, ಏಕೆಂದರೆ ಅದು ನಮ್ಮ ಬೀದಿಗೂ ಬಂದು ಹೋದ ಸ್ವರ. ಟೊರ್ನಾಡೋಸ್ ಹುಡುಗರು ಬೇರೊಂದು ಊರಿನ ಕಾರ್ಯಕ್ರಮಕ್ಕೆ ಹೊರಡುವ ಅವಸರದಲ್ಲಿ ತಮ್ಮ ಪಾಲಿನದನ್ನು ನುಡಿಸಿ ಹೋದ ಮೇಲೆ, ಮೀಕ್‌ನ ಗೆಳೆಯ ಜೆಫ್ ಗೊಡಾರ್ಡ್ ಅದನ್ನು ಸೇರಿಸಿದ. ನುಡಿಸಿದ ವಾದ್ಯ ಕ್ಲೇವಿಯೊಲಿನ್. ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ 1947ರಲ್ಲಿ ರೂಪಿಸಿದ, ವಾಲ್ವು ಹಾಕಿದ ಪುಟ್ಟ ವಿದ್ಯುತ್ ವಾದ್ಯ. ಮೂರು ಸಪ್ತಕದ ಮನೆಗಳು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ. ದನಿಯನ್ನು ಏರಿಸಿ ಇಳಿಸಲು ಮೊಣಕಾಲಿನಿಂದ ಒತ್ತುವ ಸನ್ನೆ.

ಲಂಡನ್ನಿನಲ್ಲಿ ಅದು ಉಪಗ್ರಹವಾಗುವುದಕ್ಕೆ ಎಂಟು ವರ್ಷ ಮೊದಲು ಮುಂಬಯಿಯಲ್ಲಿ ಹಾವಾಗಿತ್ತು. 1954ರ ‘ನಾಗಿನ್’ ಚಿತ್ರಕ್ಕೆ ಹೇಮಂತ್ ಕುಮಾರ್ ಸಂಗೀತ. ಅದರಲ್ಲಿ ಮನೆಮಾತಾದ ಪುಂಗಿಯ ನಾದ ಪುಂಗಿಯದಲ್ಲ. ಮುಂದೆ ಕಲ್ಯಾಣ್‌ಜಿ–ಆನಂದ್‌ಜಿ ಜೋಡಿಯಾಗಿ ಹೆಸರಾದ ಕಲ್ಯಾಣ್‌ಜಿಯವರು ಕ್ಲೇವಿಯೊಲಿನ್ ನುಡಿಸಿದರು, ಜೊತೆಗೆ ರವಿ ಅವರ ಹಾರ್ಮೋನಿಯಂ. ಆ ರಾಗ ವಿಂಧ್ಯ ದಾಟಿ ನಮ್ಮಲ್ಲಿಗೆ ಬಂದು ಎಂದೋ ನಮ್ಮದಾಯಿತು. ಮದುವೆ ದಿಬ್ಬಣದಲ್ಲಿ, ಗಣಪತಿ ಬಿಡುವ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವರು ಅದನ್ನು ಎತ್ತಿಕೊಂಡರೆ ಸಾಕು. ಒಬ್ಬ ಮೊಣಕಾಲೂರಿ ಅಂಗೈಯನ್ನು ಹೆಡೆ ಮಾಡುತ್ತಾನೆ, ಇನ್ನೊಬ್ಬ ಕರ್ಚೀಫಿನ ತುದಿ ಹಲ್ಲಿನಲ್ಲಿ ಕಚ್ಚಿ ಇನ್ನೊಂದು ತುದಿಯನ್ನು ಪುಂಗಿಯಂತೆ ಆಡಿಸುತ್ತಾನೆ. ನಾನೂ ಒಂದು ಕಾಲದಲ್ಲಿ ಹೆಡೆ ಎತ್ತಿದವನೇ. ಪ್ಯಾಂಟಿನ ಮೊಣಕಾಲು ಹರಿದದ್ದಕ್ಕೆ ಮನೆಯಲ್ಲಿ ಬೈಸಿಕೊಂಡದ್ದೂ ಉಂಟು.

ಒಂದೇ ಯಂತ್ರ, ಒಂದೇ ನಾದ. ಒಂದು ಊರಿನಲ್ಲಿ ಅದು ಭೂಮಿಯೊಳಗಿನ ಹುತ್ತ, ಇನ್ನೊಂದು ಊರಿನಲ್ಲಿ ಭೂಮಿಯಾಚೆಯ ಬಯಲು. ಒಂದು ಕಡೆ ಅತಿ ಹಳೆಯದರ ಗುರುತು, ಇನ್ನೊಂದು ಕಡೆ ಇನ್ನೂ ಬಾರದಿದ್ದುದರ ಗುರುತು. ಹಾಗಾದರೆ ಭವಿಷ್ಯ ಎಂಬುದು ಆ ನಾದದಲ್ಲಿ ಇತ್ತೇ, ಕೇಳುವವರ ಆಸೆಯಲ್ಲಿ ಇತ್ತೇ?

ಇಲ್ಲಿ ಇನ್ನೊಂದು ಸುತ್ತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಾವಾಡಿಗರ ಕಸುಬು ಮೆಲ್ಲಗೆ ಬೀದಿಯಿಂದ ಜಾರಿತು. ಜಾರಬೇಕಾದದ್ದೇ, ಹಾವಿನ ಕಡೆಯಿಂದ ನೋಡಿದರೆ. ಅವರ ಜೊತೆ ಸೋರೆಬುರುಡೆಯ ನಿಜವಾದ ಪುಂಗಿಯೂ ಹೋಯಿತು. ಅದನ್ನು ಅಣಕಿಸಿದ ಕ್ಲೇವಿಯೊಲಿನ್ ತಯಾರಾಗುವುದೂ ನಿಂತು ಎಷ್ಟೋ ದಶಕವಾಯಿತು. ಈಗಿನ ವಾದ್ಯಗೋಷ್ಠಿಯ ಹುಡುಗ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿ, ಪುಂಗಿಯನ್ನು ಅಣಕಿಸಿದ ಯಂತ್ರವನ್ನು ಅಣಕಿಸುತ್ತಾನೆ. ಮೂಲ ಹೋಯಿತು, ನೆರಳು ಹೋಯಿತು, ನೆರಳಿನ ನೆರಳಿಗೆ ಜನ ಕುಣಿಯುತ್ತಿದ್ದಾರೆ. ಇದಕ್ಕೆ ದುಃಖಪಡಬೇಕೋ, ಇಷ್ಟಾದರೂ ದಾಟಿ ಬಂತಲ್ಲ ಎಂದು ಸಮಾಧಾನಪಡಬೇಕೋ, ನನಗೆ ತೀರ್ಮಾನವಾಗಿಲ್ಲ. ಕುಣಿಯುವವರಿಗೆ ಈ ಪ್ರಶ್ನೆಯೇ ಇಲ್ಲ.

ನಾಳೆಗೆ ಇಸವಿ ಹಾಕಿದ ಹಾಡುಗಳ ಪಾಡು ಬೇರೆ. 1969ರ ಬೇಸಗೆಯಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಅದೇ ದಿನಗಳಲ್ಲಿ, ಅಮೆರಿಕದ ಪಟ್ಟಿಯಲ್ಲಿ ಮೊದಲಿದ್ದದ್ದು ಝೇಗರ್ ಮತ್ತು ಇವಾನ್ಸ್ ಎಂಬ ಇಬ್ಬರ ‘ಇನ್ ದ ಇಯರ್ 2525’. ಅಲ್ಲಿಂದ ಹೆಜ್ಜೆ ಹೆಜ್ಜೆಗೆ ಸುಮಾರು ಸಾವಿರ ವರ್ಷ ಹಾರುತ್ತ 9595ರವರೆಗೆ ಮನುಷ್ಯಕುಲದ ಅವನತಿಯನ್ನು ಅದು ಎಣಿಸುತ್ತದೆ. ಏಳು ಸಾವಿರ ವರ್ಷ ಎಣಿಸಿದ ಹಾಡು ಪಟ್ಟಿಯ ತುದಿಯಲ್ಲಿ ಇದ್ದದ್ದು ಆರು ವಾರ. ಆ ಜೋಡಿಗೆ ಅಂಥ ಇನ್ನೊಂದು ಹಾಡು ಒಲಿಯಲಿಲ್ಲ. ಗಾಯಕ ಪ್ರಿನ್ಸ್ 1982ರಲ್ಲಿ ‘1999’ ಎಂದು ಹಾಡಿದಾಗ ಹದಿನೇಳು ವರ್ಷದ ಆಚೆಗೆ ಲೋಕದ ಕೊನೆ ನಿಂತಿತ್ತು. ಔಷಧಿ ಡಬ್ಬಿಯ ಮೇಲಿನ ದಿನಾಂಕದಂತೆ ಆ ಇಸವಿ ಬಂತು, ಹೋಯಿತು, ಹಾಡು ಕೆಡಲಿಲ್ಲ. ಅದಕ್ಕೆ ಕುಣಿಯುವವರು ಯಾರೂ ಪಂಚಾಂಗ ತೆಗೆದು ನೋಡಿದ್ದನ್ನು ನಾನು ಕೇಳಿಲ್ಲ. ಜ್ಯೋತಿಷಿಯ ಮಾತು ಸುಳ್ಳಾದರೆ ಜ್ಯೋತಿಷಿಯ ಬೆಲೆ ಇಳಿಯುತ್ತದೆ. ಹಾಡಿಗೆ ಆ ಭಯವಿಲ್ಲ. ಅದು ನಾಳೆಯ ಹೆಸರು ಹೇಳಿ ಅಂದಿನ ರಾತ್ರಿಯ ದಿಗಿಲನ್ನು ತೋಡಿಕೊಂಡಿರುತ್ತದೆ, ಅಷ್ಟೆ.

ಮೀಕ್‌ನ ಕೊನೆ ಕತ್ತಲೆಯದು. ‘ಟೆಲ್‌ಸ್ಟಾರ್’ನ ರಾಗ ತನ್ನ ‘ಆಸ್ಟರ್ಲಿಟ್ಜ್’ ಚಿತ್ರದ ಸಂಗೀತದಿಂದ ಕದ್ದದ್ದೆಂದು ಫ್ರಾನ್ಸಿನ ಜಾನ್ ಲೆಡ್ರು ದಾವೆ ಹೂಡಿದರು. ದಾವೆ ನಡೆಯುವಷ್ಟು ಕಾಲ ಗೌರವಧನದ ಬಾಗಿಲು ಮುಚ್ಚಿತು. ಲಕ್ಷಗಟ್ಟಲೆ ತಟ್ಟೆ ಮಾರಾಟವಾದ ಹಾಡಿನ ಒಡೆಯನ ಕೈಗೆ ಅದರ ಹಣ ಬರಲಿಲ್ಲ. ಅಷ್ಟರಲ್ಲಿ ಬೀಟಲ್ಸ್ ಬಂದು ಕಾಲವನ್ನೇ ತಿರುಗಿಸಿದ್ದರು. ನಾಲ್ಕು ವರ್ಷದ ಹಿಂದೆ ನಾಳೆಯಾಗಿದ್ದವನು ನಿನ್ನೆಯಾಗಿದ್ದ. ಸಾಲ, ಮನೋವ್ಯಾಧಿ, ಯಾರೋ ಗೋಡೆಯಲ್ಲಿ ಕಿವಿಯಿಟ್ಟು ತನ್ನ ಸದ್ದುಗಳನ್ನು ಕದಿಯುತ್ತಿದ್ದಾರೆಂಬ ಶಂಕೆ. 1967ರ ಫೆಬ್ರವರಿ 3ರಂದು ಅದೇ ಮನೆಯಲ್ಲಿ ಮನೆಯೊಡತಿಯನ್ನು ಗುಂಡಿಕ್ಕಿ ಕೊಂದು ತನ್ನನ್ನೂ ಕೊಂದುಕೊಂಡ. ವಯಸ್ಸು 37. ದಾವೆ ಅವನ ಪರವಾಗಿ ಮುಗಿದದ್ದು ಅವನು ಸತ್ತ ಮೇಲೆ. ಅವನ ಕಲೆಯನ್ನು ಮೆಚ್ಚುವವರು ಆ ಹೆಂಗಸಿನ ಸಾವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ. ಯಾವುದನ್ನು ನೆನಪಿಡಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ ನ್ಯಾಯದ ತಕ್ಕಡಿಯಲ್ಲಿ ನಡೆಯುವುದಿಲ್ಲ.

ಮನೆಯಲ್ಲಿ ಉಳಿದದ್ದು ಟೇಪಿನ ರಾಶಿ. ಅದನ್ನು ಚಹಾ ಪೆಟ್ಟಿಗೆಗಳಿಗೆ ತುಂಬಿದರು. ಭಾರತದಿಂದಲೋ ಸಿಲೋನಿನಿಂದಲೋ ಎಲೆ ತುಂಬಿಕೊಂಡು ಹೋಗಿರಬಹುದಾದ ತೆಳು ಹಲಗೆಯ ಪೆಟ್ಟಿಗೆಗಳು, ಒಟ್ಟು 67. ಕ್ಲಿಫ್ ಕೂಪರ್ ಎಂಬ ಸಂಗೀತಗಾರ ಅವನ್ನು ಕೊಂಡು ಐವತ್ತು ವರ್ಷ ಕಾಪಾಡಿದರು. 2020ರಲ್ಲಿ ಅವು ಚೆರ್ರಿ ರೆಡ್ ಕಂಪನಿಯ ಕೈಸೇರಿ, ಅಂಕೀಕರಣ ಶುರುವಾಯಿತು. ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಕಬ್ಬಿಣದ ತುಕ್ಕು. ವರ್ಷ ಕಳೆದ ಹಾಗೆ ಲೇಪ ಉದುರುತ್ತದೆ, ಉದುರಿದಷ್ಟು ಸದ್ದು ಹೋಗುತ್ತದೆ. ಆ ಪೆಟ್ಟಿಗೆಗಳನ್ನು ಆ ಐವತ್ತು ವರ್ಷದಲ್ಲಿ ಯಾರಾದರೂ ಕಸಕ್ಕೆ ಹಾಕಿದ್ದರೂ ಕೇಳುವವರಿರಲಿಲ್ಲ. ಜಗತ್ತಿನ ಎಷ್ಟೋ ಅಮೂಲ್ಯ ವಸ್ತುಗಳು ಯಾರೋ ಜೋಪಾನ ಮಾಡಿದ್ದರಿಂದ ಉಳಿದಿವೆ; ಅದಕ್ಕಿಂತ ಹೆಚ್ಚು, ಎಸೆಯುವುದಕ್ಕೆ ಯಾರಿಗೂ ಪುರುಸೊತ್ತು ಆಗದೆ ಉಳಿದಿವೆ. ನಮ್ಮ ಅಟ್ಟದ ಟ್ರಂಕು ಎರಡನೆಯ ಜಾತಿಗೆ ಸೇರಿದ್ದು.

ಅಳಿಯಬಾರದೆಂದೇ ಮಾಡಿ ಕಳಿಸಿದ ಒಂದು ತಟ್ಟೆಯೂ ಇದೆ. 1977ರಲ್ಲಿ ಹೊರಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳ ಮೈಗೆ ಅಂಟಿಸಿದ, ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆ. ನುಡಿಸಲು ಮುಳ್ಳನ್ನೂ ಜೊತೆಗೇ ಇಟ್ಟಿದ್ದಾರೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು. ಒಂದು ಗಂಡುದನಿ ನಮಸ್ತೆ ಎಂದು, ಕನ್ನಡಿಗರ ಪರವಾಗಿ ಹಾರೈಸಿ, ಕೆಲವೇ ಸೆಕೆಂಡುಗಳಲ್ಲಿ ಸುಮ್ಮನಾಗುತ್ತದೆ. ನಾವು ಕೂತು ಚರ್ಚಿಸಿದ್ದರೆ ಇಷ್ಟು ಚುಟುಕಾಗಿ ಮುಗಿಯುತ್ತಿರಲಿಲ್ಲ. ಸಂಗೀತದ ಭಾಗದಲ್ಲಿ ಚಕ್ ಬೆರಿಯ ರಾಕ್ ಹಾಡಿದೆ, ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಖಾನರ ಮಕ್ಕಳಲ್ಲಿ. ವಾಯೇಜರ್ 1 ಹೊರಟದ್ದು ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. ಹನ್ನೊಂದು ದಿನ ದನಿ ಮುಂದೆ ಮುಂದೆ, ದೇಹ ಇಲ್ಲೇ ಹಿಂದೆ.

ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರೊಳಗಿನ ವಿದ್ಯುತ್ತು ವರ್ಷಕ್ಕೆ ಸುಮಾರು ನಾಲ್ಕು ವಾಟಿನಂತೆ ಕುಗ್ಗುತ್ತಿದೆ. ಭೂಮಿಯಲ್ಲಿ ಕೂತವರು ಒಂದೊಂದೇ ಉಪಕರಣವನ್ನು ಆರಿಸುತ್ತಿದ್ದಾರೆ, ಮಲಗುವ ಮುನ್ನ ಮನೆಯ ದೀಪ ಒಂದೊಂದಾಗಿ ಆರಿಸುವ ಹಾಗೆ. ಇನ್ನು 40,000 ವರ್ಷಕ್ಕೆ ಅದು ಮತ್ತೊಂದು ನಕ್ಷತ್ರದ ಪಕ್ಕ ಹಾಯಬಹುದು. ಪಕ್ಕವೆಂದರೆ ಒಂದೂವರೆ ಜ್ಯೋತಿರ್ವರ್ಷಕ್ಕೂ ತುಸು ಹೆಚ್ಚಿನ ದೂರ. ತಟ್ಟೆ ನೂರು ಕೋಟಿ ವರ್ಷ ಬಾಳುತ್ತದೆಂದು ಲೆಕ್ಕ. ಐದು ವಾರದ ಮೆಚ್ಚುಗೆಗೆಂದು ಬಚ್ಚಲುಮನೆಯ ಪ್ರತಿಧ್ವನಿಯಲ್ಲಿ ಮಾಡಿದ ಹಾಡನ್ನು ಇವತ್ತು ಬೆಳಿಗ್ಗೆ ನಾನು ಕೇಳಿದೆ; ನೂರು ಕೋಟಿ ವರ್ಷಕ್ಕೆಂದು ಮಾಡಿದ ತಟ್ಟೆಗೆ ಅಲ್ಲಿ ಒಂದು ಕಿವಿಯೂ ಇಲ್ಲ. ಬಾಳಿಕೆಯೇ ಬೆಲೆಯಾಗಿದ್ದರೆ ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಕೊಡಬೇಕೆಂದು ಗೊಂದಲವೇ ಇರುತ್ತಿರಲಿಲ್ಲ. ಗೊಂದಲವಿದೆ. ಉಳಿಯುವುದು ಬೇರೆ, ಯಾರದಾದರೂ ಬೆಳಗಿನೊಳಗೆ ಬರುವುದು ಬೇರೆ.

ಹಾಲೊವೇ ರಸ್ತೆಯ 304ನೇ ಮನೆಯ ಗೋಡೆಗೆ ಈಗ ಒಂದು ಕಪ್ಪು ಫಲಕ ಹಾಕಿದ್ದಾರೆ. ಬಾಹ್ಯಾಕಾಶದ ಸದ್ದು ಹುಡುಕಿಕೊಂಡು ಹೋದವನ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ. ಟೆಲ್‌ಸ್ಟಾರ್‌ನವನು ಇಲ್ಲಿ ಇದ್ದ, ಇಲ್ಲಿ ದುಡಿದ, ಇಲ್ಲೇ ಸತ್ತ ಎಂದು ಅದರಲ್ಲಿ ಬರೆದಿದೆ.